ಹಸೆ ಚಿತ್ತಾರ
ಸೊರಬ, ಸಾಗರ ಸೀಮೆಯ ದೀವರ ಹೆಂಗಸರು ಬರೆಯುವ ಗೋಡೆಚಿತ್ರ. ಮದುವೆಯಲ್ಲಿ ವಧೂವರರನ್ನು ಕೂರಿಸುವುದು ಇದರ ಮುಂದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚ ಪುಂಡಿನಾರಿನದು. ಚಿತ್ರದ ಜೀವಾಳ ನೇರ ಎಳೆಗಳು: ಚೌಕದೊಳಗೆ ಚೌಕ, ನಡುವೆ ಮದುಮಕ್ಕಳ ಗೊಂಬೆ. ಭೂಮಿ ಹುಣ್ಣಿಮೆಯಂದು ಗದ್ದೆಗೆ ಚರಗ ಒಯ್ಯುವ ಬುಟ್ಟಿಗೂ ಇದೇ ಚಿತ್ತಾರ.

ಮಣ್ಣಿನ ಗೋಡೆಗಳು ಸಿಮೆಂಟಿನವಾದ ಮೇಲೆ ಚಿತ್ತಾರ ಕಾಗದ, ಬಟ್ಟೆ, ಹಲಗೆಗಳಿಗೆ ಇಳಿಯಿತು, ಮಾರಾಟಕ್ಕೂ ಬಂತು. ಜಪಾನಿನ ಉಕಿಯೊ-ಎ ಚಿತ್ರಗಳಲ್ಲಿ ಕೆತ್ತಿದ ಮರದ ಅಚ್ಚೇ ನೂರಾರು ಪ್ರತಿ ಕೊಡುತ್ತಿತ್ತು. ಹಸೆಗೆ ಅಚ್ಚಿಲ್ಲ, ಪ್ರತಿಯೊಂದನ್ನೂ ಕೈಯಲ್ಲೇ ಬರೆಯಬೇಕು. ಹಾಗಾಗಿ ಮಾರಾಟದ ಪ್ರತಿಯನ್ನು ನಕಲೆನ್ನುವುದು ಅಷ್ಟು ಸರಿಯಲ್ಲ. ಅಂಗಡಿಯ ಬಣ್ಣ ಬಳಸಿದವುಗಳಲ್ಲಿ ಮಾತ್ರ ಕೆಮ್ಮಣ್ಣಿನ ಒರಟುತನ ಕಾಣುವುದಿಲ್ಲ.