ಸರ್ವಮೂಲದ ಓಲೆಯೂ ಸಿಲಿಕಾನ್ ಬಿಲ್ಲೆಯೂ

ಉಡುಪಿಯ ಬನ್ನಂಜೆಯ ಹೆಸರಿನಿಂದಲೇ ಪ್ರಸಿದ್ಧರಾದ ಗೋವಿಂದಾಚಾರ್ಯರು (1936–2020) ಪಲಿಮಾರು ಮಠದ ತಾಳೆಯೋಲೆಗಳನ್ನು ಆಧರಿಸಿ ಶ್ರೀಮಧ್ವಾಚಾರ್ಯರ ಸರ್ವಮೂಲಗ್ರಂಥಗಳನ್ನು ಪರಿಷ್ಕರಿಸಿದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ಓಲೆಗಳು ಆಚಾರ್ಯರ ಶಿಷ್ಯರಾದ ಹೃಷೀಕೇಶತೀರ್ಥರ ಬರೆಹವೆಂದು ಸಂಪ್ರದಾಯ. ಮುದ್ರಣದಿಂದ ಪಾಠವು ಉಳಿಯುವುದು. ಓಲೆಯ ರೂಪವು ಉಳಿಯದು. ಈ ರೂಪವನ್ನು ಉಳಿಸಹೊರಟ ಯತ್ನವೊಂದು ಅತಿಸೂಕ್ಷ್ಮ ತಯಾರಿಕೆಯ ಚರಿತ್ರೆಯಲ್ಲಿ ಸ್ಥಾನ ಪಡೆಯತಕ್ಕುದಾಗಿದೆ.

ಉಡುಪಿಯ ಮಠದಲ್ಲಿದ್ದ ಸರ್ವಮೂಲದ ಪ್ರತಿಯು ಸುಮಾರು 700 ವರ್ಷಗಳಷ್ಟು ಹಳೆಯದು. ಎಲೆಗಳು 26 ಅಂಗುಲ ಉದ್ದ, 2 ಅಂಗುಲ ಅಗಲ, ಬಿರುಕುಬಿಟ್ಟು ಕಪ್ಪಾಗಿದ್ದವು. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪ್ರಾಧ್ಯಾಪಕರಾದ ಪಿ. ಆರ್. ಮುಕುಂದ್ ಹಾಗೂ ರೋಜರ್ ಈಸ್ಟನ್ ಅವುಗಳನ್ನು ಅವಗೆಂಪು ಕಿರಣಗಳ ನೆರವಿನಿಂದ ಚಿತ್ರೀಕರಿಸಿ, 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರ್ಕಿಮಿಡೀಸನ ಅಳಿಸಿದ ಹಸ್ತಪ್ರತಿಯನ್ನು ಓದಿಸಿದವರಲ್ಲಿ ಈಸ್ಟನ್ ಒಬ್ಬರು.

ಚಿತ್ರಗಳನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸಬಹುದೆಂಬ ಸಲಹೆ ಮುಕುಂದರ ವಿದ್ಯಾರ್ಥಿ ಅಜಯ್ ಪಸುಪುಲೇಟಿಯವರದು. ಚಿತ್ರದ ನೆಗೆಟಿವ್ ಮಾಡಿ, ಅದರಂತೆ ಬಿಲ್ಲೆಯ ಮೇಲೆ ಅಲ್ಯೂಮಿನಿಯಂ ಪದರವನ್ನು ಕೂರಿಸುವುದು ವಿಧಾನ. ಬಿಲ್ಲೆಯೊಂದಕ್ಕೆ ಮೂರು ಎಲೆ. ಇಡೀ ಗ್ರಂಥಕ್ಕೆ ನೂರಕ್ಕೂ ಮಿಕ್ಕ ಬಿಲ್ಲೆಗಳು ಬೇಕೆಂದು ಲೆಕ್ಕಹಾಕಲಾಯಿತು. ಬೆಂಕಿಗೂ ನೀರಿಗೂ ಅಂಜದ ಈ ಬರೆಹವನ್ನು ಭೂತಗನ್ನಡಿಯಿಂದಲೇ ಓದಬಹುದು.

ತೊಡಕು ಇರುವುದು ಇಲ್ಲಿಯೇ. ವಿದ್ಯುನ್ಮಂಡಲಗಳ ಕಾರ್ಖಾನೆಯಲ್ಲಿ ಪಡಿಯಚ್ಚಿಗೆ ತಗಲುವ ಭಾರಿ ವೆಚ್ಚವು ಅದರಿಂದ ಹೊರಡುವ ಲಕ್ಷಾಂತರ ಏಕರೂಪದ ಚಿಪ್ಪುಗಳಲ್ಲಿ ಹಂಚಿಹೋಗುವುದು. ಗ್ರಂಥಕ್ಕಾದರೋ ಒಂದೆಲೆಯಂತೆ ಇನ್ನೊಂದಿಲ್ಲ; ಪ್ರತಿ ಬಿಲ್ಲೆಗೂ ಹೊಸ ನೆಗೆಟಿವ್, ಅದರಿಂದ ಒಂದೆರಡೇ ಪ್ರತಿ. ಧೂಳಿನ ಕಣವು ಚಿಪ್ಪನ್ನು ಕೆಡಿಸಿದರೆ ಅದನ್ನು ಎಸೆಯುವರು. ಅಕ್ಷರದ ಪಕ್ಕದಲ್ಲಿ ಕುಳಿತರೆ ಬಿಂದುವೆಂಬ ಭ್ರಾಂತಿಯುಂಟಾದೀತು. ಪಾಠಶೋಧಕರಿಗೆ ಇದು ಸಣ್ಣ ಮಾತಲ್ಲ.

ಅಕ್ಷರಗಳನ್ನು ಇನ್ನಷ್ಟು ಕಿರಿದಾಗಿಸಿ ವೆಚ್ಚ ತಗ್ಗಿಸಬಾರದೇ? ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೋಮೀಟರ್. ಕೆಲವೇ ನೂರು ನ್ಯಾನೋಮೀಟರುಗಳ ಅಕ್ಷರವಾದರೆ ಒಂದೇ ಬಿಲ್ಲೆಯಲ್ಲಿ ಗ್ರಂಥವೆಲ್ಲ ಅಡಗೀತು. ಆದರೆ ಬೆಳಕಿನ ತರಂಗವೇ ಅಷ್ಟು ಉದ್ದವಿರುವುದರಿಂದ ಮಸೂರದಲ್ಲಿ ಅದು ಸ್ಫುಟವಾಗಿ ಕಾಣದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಯಂತ್ರದ ಹಂಗಿಲ್ಲದ ಓದೆಂಬ ಮುಖ್ಯ ಪ್ರಯೋಜನವೇ ತಪ್ಪಿತು. ಈ ವಿಧಾನವನ್ನು ವ್ಯಾಪಾರಕ್ಕೆ ತರಲೆಂದು ಮುಕುಂದರು ಕಟ್ಟಿದ ಸಂಸ್ಥೆಯ ಹೆಸರು ನ್ಯಾನೋಆರ್ಕ್. ಮಸೂರಕ್ಕೆ ಒಲಿಯುವ ಅದರ ಅಕ್ಷರಗಳನ್ನು ಅಳೆಯಲು ಮೈಕ್ರೋಮೀಟರೇ ಸಾಕು.