ನಾಗ್, ಅರುಂಧತಿ

ಅರುಂಧತಿ ನಾಗ್ (1956– ): ರಂಗಭೂಮಿ ಮತ್ತು ಚಲನಚಿತ್ರ ನಟಿ, ಬೆಂಗಳೂರಿನ ರಂಗಶಂಕರದ ಸ್ಥಾಪಕಿ. ಹುಟ್ಟಿದ್ದು ದೆಹಲಿಯಲ್ಲಿ. ಬಾಲ್ಯದಲ್ಲೇ ಕುಟುಂಬ ಮುಂಬಯಿಗೆ ಬಂದು ನೆಲೆಸಿತು. ಅಲ್ಲಿ ಇಪ್ಟಾ ನಾಟಕ ಬಳಗ ಸೇರಿ ಹಿಂದಿ, ಮರಾಠಿ, ಗುಜರಾತಿ ನಾಟಕಗಳಲ್ಲಿ ಪಳಗಿದರು. 1980ರಲ್ಲಿ ನಟ, ನಿರ್ದೇಶಕ ಶಂಕರ್ ನಾಗ್ ಅವರನ್ನು ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಕನ್ನಡವೇ ಅವರ ಮುಖ್ಯ ರಂಗಭಾಷೆಯಾಯಿತು.

ರಂಗಭೂಮಿ: ಸಂಕೇತ್ ತಂಡದ ಅಂಜುಮಲ್ಲಿಗೆ, 27 ಮಾವಳ್ಳಿ ಸರ್ಕಲ್, ಸಂಧ್ಯಾಛಾಯಾ, ನಾಗಮಂಡಲ ಇವರ ಹೆಸರನ್ನು ನೆಲೆಗೊಳಿಸಿದ ನಾಟಕಗಳು. ಮಾವಳ್ಳಿ ಸರ್ಕಲ್ ಫ್ರೆಡರಿಕ್ ನಾಟ್‌ನ ವೇಟ್ ಅಂಟಿಲ್ ಡಾರ್ಕ್ ನಾಟಕದ ರೂಪಾಂತರ. ಬ್ರೆಕ್ಟ್‌ನ ಮದರ್ ಕರೇಜ್ ಕನ್ನಡಕ್ಕೆ ಹುಲಗೂರ ಹುಲಗೆವ್ವ ಆಗಿ ಬಂದಾಗ ಅದರಲ್ಲೂ ಅಭಿನಯಿಸಿದರು.

ಆದರೆ ಇವರ ಕಸುಬನ್ನು ಅಳೆಯಲು ಬಹುಶಃ ಒಡಕಲು ಬಿಂಬವೇ (2005) ತಕ್ಕ ನಾಟಕ. ಗಿರೀಶ ಕಾರ್ನಾಡರು ಕೆ. ಎಂ. ಚೈತನ್ಯರೊಡನೆ ನಿರ್ದೇಶಿಸಿದ ಈ ಪ್ರಯೋಗದಲ್ಲಿ ರಂಗದ ಮೇಲೆ ಇರುವವಳು ಒಬ್ಬಳೇ: ಇಂಗ್ಲಿಷ್ ಕಾದಂಬರಿಯಿಂದ ದಿಢೀರ್ ಖ್ಯಾತಳಾದ ಕನ್ನಡ ಲೇಖಕಿ ಮಂಜುಳಾ ನಾಯಕ್. ಅವಳನ್ನು ಪಾಟೀಸವಾಲಿಗೆ ಎಳೆಯುವುದು ಟಿವಿ ಪರದೆಯ ಮೇಲಿನ ಅವಳದೇ ಬಿಂಬ. ಬಿಂಬ ಮೊದಲೇ ಮುದ್ರಿತ. ಹಾಗಾಗಿ ಅದರ ಪ್ರಶ್ನೆಗಳ ನಡುವಿನ ಮೌನ ಎಂದೂ ಹಿಗ್ಗದು, ಕುಗ್ಗದು. ಪ್ರೇಕ್ಷಕರು ನಕ್ಕರೆಂದು ನಟಿ ಒಂದು ಕ್ಷಣ ತಡೆದರೆ ಮುಂದಿನ ಪ್ರಶ್ನೆ ಅವಳ ಮಾತಿನ ಮೇಲೇ ಬೀಳುತ್ತದೆ. ಬೇಗ ಮುಗಿಸಿದರೆ ಬಿಂಬದೆದುರು ಸುಮ್ಮನೆ ನಿಲ್ಲಬೇಕು. ಎದುರು ನಟ ಕೈಹಿಡಿದು ದಾಟಿಸುವ ಅನುಕೂಲ ಇಲ್ಲಿಲ್ಲ. ಈ ಬಿಗಿಯೊಳಗೂ ಉತ್ತರಗಳು ಆಗಷ್ಟೇ ಹೊಳೆದಂತೆ ಕೇಳಿಸಬೇಕು. ಇವರ ಮಾತಿನ ಲಯದ ಹಿಡಿತ ಎದ್ದು ಕಾಣುವುದು ಇಲ್ಲಿ.

ಚಲನಚಿತ್ರ: ಸಂಖ್ಯೆ ಕಡಿಮೆ. ಆಕ್ಸಿಡೆಂಟ್, ಪರಮೇಶಿ ಪ್ರೇಮ ಪ್ರಸಂಗ ಶಂಕರ್ ನಾಗ್ ಕಾಲದವು. ಜೋಗಿಯ (2005) ತಾಯಿ ಪಾತ್ರ ನಾಟಕ ನೋಡದ ಕನ್ನಡಿಗರಿಗೂ ಪರಿಚಿತ. ಹಿಂದಿಯ ಪಾ (2009) ಚಿತ್ರಕ್ಕೆ ಅತ್ಯುತ್ತಮ ಪೋಷಕ ನಟಿ ರಾಷ್ಟ್ರಪ್ರಶಸ್ತಿ ಬಂತು.

ರಂಗಶಂಕರ: 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತವಾಗಿ ಶಂಕರ್ ನಾಗ್ ತೀರಿಕೊಂಡರು. ನಾಟಕಕ್ಕೆಂದೇ ಒಂದು ಮನೆ ಕಟ್ಟಬೇಕೆಂಬುದು ಅವರ ಆಸೆಯಾಗಿತ್ತು. ಅರುಂಧತಿ ಹಣ ಕೂಡಿಸಿ, 2004ರಲ್ಲಿ ಜೆ. ಪಿ. ನಗರದಲ್ಲಿ ರಂಗಶಂಕರವನ್ನು ತೆರೆದರು. ಸೋಮವಾರ ಬಿಟ್ಟು ದಿನಕ್ಕೊಂದು ನಾಟಕ, ಕೈಗೆಟಕುವ ಟಿಕೆಟ್, ಆಟ ಶುರುವಾದ ಮೇಲೆ ಯಾರಿಗೂ ಪ್ರವೇಶವಿಲ್ಲ: ತಡವಾಗಿ ಬರುವುದನ್ನೇ ರೂಢಿ ಮಾಡಿಕೊಂಡಿದ್ದ ಊರಿಗೆ ಈ ಕೊನೆಯ ನಿಯಮ ಒಗ್ಗಿತೆನ್ನುವುದು ಸಣ್ಣ ಸಾಧನೆಯಲ್ಲ. ಭಾರತ ಸರ್ಕಾರ 2010ರಲ್ಲಿ ಇವರಿಗೆ ಪದ್ಮಶ್ರೀ ನೀಡಿತು.