ಚಳಿಗೆ ಮುದುಡುವ ಡೀಸೆಲ್ ಎಂಜಿನ್: ಬೆಚ್ಚಗಿಡುವ ಯತ್ನಗಳ ಇತಿಹಾಸ

ಡಿಸೆಂಬರ್ ತಿಂಗಳ ಒಂದು ಮುಂಜಾನೆ ನಿಮ್ಮೂರಿನ ಲಾರಿ ನಿಲ್ದಾಣಕ್ಕೆ ಹೋಗಿ ನಿಂತು ನೋಡಿ. ರಾತ್ರಿಯಿಡೀ ಬಯಲಲ್ಲಿ ನಿಂತಿದ್ದ ಹಳೆಯ ಲಾರಿಯೊಂದನ್ನು ಚಾಲಕ ಚಾಲೂ ಮಾಡಲು ಯತ್ನಿಸುತ್ತಿರುತ್ತಾನೆ. ಎಂಜಿನ್ ಗರಗರ ಎಂದು ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಎರಡು ಮೂರು ಬಾರಿ ಯತ್ನಿಸಿದ ಮೇಲೆ ಕೆಮ್ಮುತ್ತಾ ಬಿಳಿ ಹೊಗೆ ಉಗುಳಿ ನಿಧಾನವಾಗಿ ಲಯಕ್ಕೆ ಬರುತ್ತದೆ. ಆ ಬಿಳಿ ಹೊಗೆಯ ಬಹುಪಾಲು ಏನೆಂದು ಬಲ್ಲಿರಾ? ಅದು ಉರಿಯದೆ ಹಾಗೆಯೇ ಹೊರಬಿದ್ದ ಡೀಸೆಲ್‌ನ ಸೂಕ್ಷ್ಮ ಹನಿಗಳ ಮಂಜು.

ನಮ್ಮ ನಾಡಿನ 12-15°ಸೆ ಚಳಿಯಲ್ಲೇ ಹೀಗಾದರೆ, ಉಷ್ಣತೆ ಸೊನ್ನೆಗಿಂತ 20-30 ಡಿಗ್ರಿ ಕೆಳಗಿಳಿಯುವ ಲಡಾಖ್, ಸೈಬೀರಿಯ, ಅಲಾಸ್ಕಗಳಲ್ಲಿ ಏನಾಗಬೇಕು? ಅಲ್ಲಿ ಲಾರಿ ಚಾಲೂ ಆಗದಿದ್ದರೆ ಕೆಲಸ ತಡವಾಗುವುದಷ್ಟೇ ಅಲ್ಲ, ಜನರ ಜೀವಕ್ಕೇ ಸಂಚಕಾರ. ಎಂಜಿನ್ನನ್ನು ಬೆಚ್ಚಗಿಡಲು ಮನುಷ್ಯ ನಡೆಸಿದ ಪ್ರಯತ್ನಗಳಿಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದರಲ್ಲಿ ಭೌತವಿಜ್ಞಾನದ ಹಲವು ಪಾಠಗಳೂ ಇವೆ.

ಕಿಡಿಯಿಲ್ಲದೆ ಬೆಂಕಿ

ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ರಭಸದಿಂದ ಒತ್ತಿ ನೋಡಿ. ಪಂಪಿನ ತಳ ಬಿಸಿಯಾಗುತ್ತದೆ. ಗಾಳಿಯನ್ನು ವೇಗವಾಗಿ ಸಂಪೀಡಿಸಿದಾಗ ನಾವು ಮಾಡಿದ ಕೆಲಸ ಉಷ್ಣವಾಗಿ ಗಾಳಿಯಲ್ಲೇ ಉಳಿಯುತ್ತದೆ. ಡೀಸೆಲ್ ಎಂಜಿನ್ನಿನ ತತ್ತ್ವವೂ ಇದೇ. ಪೆಟ್ರೋಲ್ ಎಂಜಿನ್ನಿನಂತೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 18ನೇ ಒಂದು ಭಾಗಕ್ಕೆ ಅದುಮುತ್ತದೆ. ಕಾದ ಆ ಗಾಳಿಯೊಳಕ್ಕೆ ಡೀಸೆಲ್ ಸಿಂಪಡಿಸಿದಾಗ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಉಷ್ಣ ಎಲ್ಲಿಯೂ ಸೋರದೆ ಸಂಪೀಡನೆ ನಡೆದರೆ 30°ಸೆ ಗಾಳಿಯ ಉಷ್ಣತೆ ಸುಮಾರು 690°ಸೆಗೆ ಏರುತ್ತದೆ. ಮೈನಸ್ 20°ಸೆ ಗಾಳಿಯಾದರೆ ಸುಮಾರು 530°ಸೆ. ಇವು ಆದರ್ಶ ಸ್ಥಿತಿಯ ಅಂಕಿಗಳು. ವಾಸ್ತವದಲ್ಲಿ ತಣ್ಣನೆಯ ಸಿಲಿಂಡರ್ ಗೋಡೆ ಉಷ್ಣವನ್ನು ಹೀರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಪಿಸ್ಟನ್ ಬಳೆಗಳ ಸಂದಿಯಿಂದ ಗಾಳಿಯೂ ಸೋರುತ್ತದೆ. ಇದನ್ನೆಲ್ಲ ಸ್ಥೂಲವಾಗಿ ಲೆಕ್ಕಕ್ಕೆ ಹಿಡಿದರೆ ಮೊದಲನೆಯದು 450°ಸೆಗೂ ಎರಡನೆಯದು 330°ಸೆಗೂ ಇಳಿಯುತ್ತದೆ. ಅಂದರೆ ಹೊರಗಿನ ಗಾಳಿ 50 ಡಿಗ್ರಿ ತಣ್ಣಗಾದರೆ ಸಿಲಿಂಡರ್ ಒಳಗೆ 120 ಡಿಗ್ರಿಯಷ್ಟು ಕೊರತೆ!

ಡೀಸೆಲ್ ತಾನಾಗಿ ಹೊತ್ತಿಕೊಳ್ಳುವ ಉಷ್ಣತೆ 210ರಿಂದ 250°ಸೆ ತಾನೇ, 330 ಸಾಲದೇ ಎಂದು ನೀವು ಕೇಳಬಹುದು. ಪ್ರಯೋಗಾಲಯದಲ್ಲಿ ಸಾಕು, ಏಕೆಂದರೆ ಅಲ್ಲಿ ನಾವು ಕಾಯುತ್ತೇವೆ. ಎಂಜಿನ್ನಿನಲ್ಲಿ ಕಾಯಲು ಸಿಗುವುದು ಸೆಕೆಂಡಿನ ನೂರನೇ ಒಂದೆರಡು ಭಾಗ ಮಾತ್ರ. ಅಷ್ಟರಲ್ಲಿ ಹನಿಗಳು ಆವಿಯಾಗಿ, ಗಾಳಿಯೊಡನೆ ಬೆರೆತು ಹೊತ್ತಿಕೊಳ್ಳಬೇಕು. ಇಲ್ಲವಾದರೆ ಪಿಸ್ಟನ್ ಕೆಳಗಿಳಿದು ಗಾಳಿ ಮತ್ತೆ ತಣ್ಣಗಾಗುತ್ತದೆ. ಆಗ ಬರುವುದೇ ಬಿಳಿ ಹೊಗೆ.

ಇದರ ಜೊತೆಗೆ ಇನ್ನೂ ಮೂರು ತೊಡಕುಗಳಿವೆ. ಎಂಜಿನ್ ಆಯಿಲ್ ಚಳಿಗೆ ಜೋನಿಬೆಲ್ಲದಂತೆ ಗಟ್ಟಿಯಾಗುತ್ತದೆ. ತಿರುಗಿಸಲು ಹೆಚ್ಚು ಬಲ ಬೇಕಾದ ಹೊತ್ತಿನಲ್ಲೇ ಬ್ಯಾಟರಿಯ ಶಕ್ತಿ ಕುಗ್ಗಿರುತ್ತದೆ. ಡೀಸೆಲ್‌ನಲ್ಲಿ ಕರಗಿರುವ ಮೇಣ ಹರಳುಗಟ್ಟಿ ಫಿಲ್ಟರನ್ನು ಮುಚ್ಚಿಬಿಡುತ್ತದೆ.

ಮಂಜುಗಡ್ಡೆಯ ಉದ್ಯಮದಿಂದ ಬಂದವನು

ಸ್ವಾರಸ್ಯವೆಂದರೆ, ಚಳಿಗೆ ಇಷ್ಟು ಅಂಜುವ ಈ ಎಂಜಿನ್ನಿನ ಜನಕ ರುಡಾಲ್ಫ್ ಡೀಸೆಲ್ (1858-1913) ತಂಪುಗೊಳಿಸುವ ಯಂತ್ರಗಳ ಉದ್ಯಮದಲ್ಲಿ ಪಳಗಿದವನು. ಮ್ಯೂನಿಕ್‌ನಲ್ಲಿ ಓದುವಾಗ ಅವನಿಗೆ ಉಷ್ಣಗತಿವಿಜ್ಞಾನ ಕಲಿಸಿದವರು ಶೈತ್ಯಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ. ಮುಂದೆ ಪ್ಯಾರಿಸ್‌ನಲ್ಲಿ ಲಿಂಡೆಯವರ ಉದ್ಯಮದಲ್ಲೇ ಡೀಸೆಲ್ ಕೆಲಸ ಮಾಡಿದ. 1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. 1897ರ ಫೆಬ್ರವರಿಯಲ್ಲಿ ಆಗ್ಸ್‌ಬರ್ಗ್‌ನಲ್ಲಿ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ನಡೆಸಿದ ಪರೀಕ್ಷೆಯಲ್ಲಿ ಅವನ ಎಂಜಿನ್ 26.2% ದಕ್ಷತೆ ತೋರಿತು. ಆ ಕಾಲದ ಉಗಿಯಂತ್ರಗಳನ್ನು ಅದು ಬಹುದೂರ ಹಿಂದಿಕ್ಕಿತ್ತು.

ಡೀಸೆಲ್‌ಗಿಂತ ತುಸು ಮೊದಲೇ ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ ಮತ್ತೊಂದು ಹಾದಿ ಹಿಡಿದಿದ್ದ. ಅವನ ಎಂಜಿನ್ನಿನ ತಲೆಯಲ್ಲಿ ಒಂದು ಲೋಹದ ಬುರುಡೆ ಇತ್ತು. ಮೊದಲು ಅದನ್ನು ಬ್ಲೋಲ್ಯಾಂಪ್‌ನಿಂದ ಹಲವು ನಿಮಿಷ ಕಾಯಿಸಬೇಕು. ಒಮ್ಮೆ ಚಾಲೂ ಆದ ಮೇಲೆ ದಹನದ ಉಷ್ಣದಿಂದಲೇ ಬುರುಡೆ ಬಿಸಿಯಾಗಿ ಉಳಿಯುತ್ತಿತ್ತು. 1921ರಲ್ಲಿ ಜರ್ಮನಿಯಲ್ಲಿ ತಯಾರಾದ ಲ್ಯಾನ್ಸ್ ಬುಲ್ಡಾಗ್ ಟ್ರ್ಯಾಕ್ಟರ್ ಕೂಡ ಇದೇ ಬಗೆಯದು. ಚಳಿಯಿರಲಿ ಬಿಸಿಲಿರಲಿ, ಕಾಯಿಸದೆ ಹೊರಡುವಂತಿರಲಿಲ್ಲ. ಹೀಗಾಗಿ ಎಂಜಿನ್ನನ್ನು ಮೊದಲೇ ಬಿಸಿ ಮಾಡುವ ಪದ್ಧತಿಗೆ ಡೀಸೆಲ್ ಲಾರಿಗಿಂತ ಹೆಚ್ಚು ವಯಸ್ಸಾಗಿದೆ.

ಹೀಟರ್ ಪ್ಲಗ್ ಮತ್ತು ಪುಟ್ಟ ಎಂಜಿನ್

ಡೀಸೆಲ್ ಎಂಜಿನ್ ಲಾರಿಗೆ ಬಂದದ್ದು 1923-24ರಲ್ಲಿ, ಜರ್ಮನಿಯ ಬೆನ್ಸ್ ಮತ್ತು ಮಾನ್ ಕಂಪನಿಗಳ ಮೂಲಕ. ಬೆನ್ಸ್ ಬಳಸಿದ್ದು ಪ್ರಾಸ್ಪರ್ ಲೊರಾಂಜ್ 1909ರಲ್ಲಿ ಪೇಟೆಂಟ್ ಪಡೆದಿದ್ದ 'ಪೂರ್ವಕೋಷ್ಠ'ದ ವಿನ್ಯಾಸ. ಇಂಧನ ಮೊದಲು ಒಂದು ಚಿಕ್ಕ ಕೋಷ್ಠದಲ್ಲಿ ಹೊತ್ತಿಕೊಂಡು ಅನಂತರ ಸಿಲಿಂಡರಿಗೆ ನುಗ್ಗುತ್ತದೆ. ಓಟ ಮೃದುವಾಗುತ್ತದೆ, ನಿಜ. ಆದರೆ ಕೋಷ್ಠದ ಗೋಡೆಯ ವಿಸ್ತೀರ್ಣ ಅದರ ಗಾತ್ರಕ್ಕೆ ಹೋಲಿಸಿದರೆ ಹೆಚ್ಚು. ಆದ್ದರಿಂದ ಚಳಿಯಲ್ಲಿ ಉಷ್ಣದ ಸೋರಿಕೆಯೂ ಹೆಚ್ಚು. ಇದಕ್ಕೆ ಪರಿಹಾರವಾಗಿ ಬಂದದ್ದೇ ವಿದ್ಯುತ್ತಿನಿಂದ ಕೆಂಪಗೆ ಕಾಯುವ ಹೀಟರ್ ಪ್ಲಗ್. ಹಳೆಯ ಡೀಸೆಲ್ ಅಂಬಾಸಿಡರ್ ಕಾರು ಓಡಿಸಿದವರನ್ನು ಕೇಳಿ. ಬೆಳಿಗ್ಗೆ ಹೀಟರ್ ಹಾಕಿ ಕೆಲವು ಸೆಕೆಂಡು ಕಾದದ್ದನ್ನು ಅವರು ಮರೆತಿರುವುದಿಲ್ಲ.

ಅಮೆರಿಕದ ಕ್ಯಾಟರ್‌ಪಿಲರ್ ಕಂಪನಿ 1931ರ ಡೀಸೆಲ್ ಟ್ರ್ಯಾಕ್ಟರಿನಲ್ಲಿ ಇನ್ನೊಂದು ಜಾಣ ಉಪಾಯ ಮಾಡಿತು. ದೊಡ್ಡ ಡೀಸೆಲ್ ಎಂಜಿನ್ನನ್ನು ತಿರುಗಿಸಲು ಪಕ್ಕದಲ್ಲಿ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್ ಇಟ್ಟಿತು. ಇಂಥ ಜೋಡಿಗಳಲ್ಲಿ ಎರಡೂ ಎಂಜಿನ್‌ಗಳಿಗೆ ತಂಪು ನೀರು ಒಂದೇ. ಪುಟ್ಟದು ಓಡಿ ಬಿಸಿಯಾದಂತೆ ಆ ನೀರಿನ ಮೂಲಕ ದೊಡ್ಡದೂ ಬೆಚ್ಚಗಾಗುತ್ತಿತ್ತು. ಆಯಿಲ್ ಸಡಿಲವಾದ ಮೇಲೆ ಡೀಸೆಲ್ ಬಿಟ್ಟರೆ ಹೊತ್ತಿಕೊಳ್ಳುತ್ತಿತ್ತು.

ಯುದ್ಧ ಕಲಿಸಿದ ಪಾಠ

1941ರ ಚಳಿಗಾಲದಲ್ಲಿ ಮಾಸ್ಕೋ ಬಳಿ ಜರ್ಮನ್ ಸೇನೆ ಕಲಿತ ಪಾಠ ಕಠೋರವಾದದ್ದು. ಚಳಿಗೆ ಸಿದ್ಧತೆಯೇ ಇಲ್ಲದ ವಾಹನಗಳ ಅಡಿಯಲ್ಲಿ ಸೈನಿಕರು ಬೆಂಕಿ ಹಾಕಿದರು, ರಾತ್ರಿಯಿಡೀ ಗಂಟೆಗಟ್ಟಲೆ ಎಂಜಿನ್ ಓಡಿಸಿ ಇಂಧನ ಮುಗಿಸಿದರು. ಎದುರಿಗಿದ್ದ ಸೋವಿಯತ್ ಟಿ-34 ಟ್ಯಾಂಕಿನದು ಡೀಸೆಲ್ ಎಂಜಿನ್. ಬ್ಯಾಟರಿ ಸೋತರೆ ಒತ್ತಿ ತುಂಬಿದ ಗಾಳಿಯ ಸಿಲಿಂಡರಿನಿಂದ ಅದನ್ನು ತಿರುಗಿಸುವ ವ್ಯವಸ್ಥೆ ಅದರಲ್ಲಿತ್ತು. ಮುಂದೆ ಜರ್ಮನರೂ ಟ್ಯಾಂಕಿನ ತಂಪು ನೀರನ್ನು ಬ್ಲೋಲ್ಯಾಂಪ್‌ನಿಂದ ಕಾಯಿಸುವ ಉಪಕರಣ ಅಳವಡಿಸಿಕೊಂಡರು.

1942ರಲ್ಲಿ ತಯಾರಾದ ಚೆಕ್ ನಾಡಿನ ಟಾಟ್ರಾ 111 ಟ್ರಕ್ ಬೇರೊಂದು ಮಾರ್ಗ ತೋರಿತು. ಅದರ 12 ಸಿಲಿಂಡರಿನ ಡೀಸೆಲ್ ಎಂಜಿನ್ ಗಾಳಿಯಿಂದಲೇ ತಂಪಾಗುತ್ತಿತ್ತು. ನೀರು ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗಿ ಎಂಜಿನ್ನಿನ ಎರಕವನ್ನೇ ಸೀಳಬಲ್ಲದು. ನೀರೇ ಇಲ್ಲದಿದ್ದರೆ ಆ ಭಯವಿಲ್ಲ. ಯುದ್ಧದ ನಂತರ ಸೈಬೀರಿಯದಲ್ಲಿ ಈ ಟ್ರಕ್ ಎಷ್ಟು ಜನಪ್ರಿಯವಾಯಿತೆಂದರೆ ಮಗದಾನ್ ಪ್ರಾಂತ್ಯದಲ್ಲಿ ಅದಕ್ಕೊಂದು ಸ್ಮಾರಕವೇ ಇದೆ. ನಮ್ಮ ಬೆಂಗಳೂರಿನ ಬಿ.ಇ.ಎಂ.ಎಲ್. ಭಾರತೀಯ ಸೇನೆಗೆ ತಯಾರಿಸಿಕೊಟ್ಟ ಟಾಟ್ರಾ ಟ್ರಕ್‌ಗಳು ಇದೇ ಮನೆತನದವು.

ಗೋಡೆಯ ಪ್ಲಗ್ಗಿಗೆ ಕಟ್ಟಿದ ವಾಹನ

ಅಮೆರಿಕದ ಉತ್ತರ ಡಕೋಟದಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಲ್ಲಿ ದುಡಿಯುತ್ತಿದ್ದ ಆಂಡ್ರ್ಯೂ ಫ್ರೀಮನ್ 1949ರಲ್ಲಿ ಒಂದು ಪೇಟೆಂಟ್ ಪಡೆದರು. ಎಂಜಿನ್ನಿನ ತಲೆಯನ್ನು ಬಿಗಿದಿರುವ ಬೋಲ್ಟ್‌ಗಳಲ್ಲಿ ಒಂದನ್ನು ತೆಗೆದು ಆ ಜಾಗಕ್ಕೆ ವಿದ್ಯುತ್ ಹೀಟರ್ ಇರುವ ಬೋಲ್ಟ್ ಕೂರಿಸುವುದು, ಅದರ ತಂತಿಯನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸುವುದು. ಉಪಾಯ ಇಷ್ಟೇ! ಮುಂದೆ ತಂಪು ದ್ರವವನ್ನೇ ಕಾಯಿಸುವ ಹೀಟರ್‌ಗಳು ಬಂದವು. ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಂಥ ಊರುಗಳಲ್ಲಿ ವಾಹನ ನಿಲ್ಲಿಸುವ ಜಾಗದಲ್ಲೆಲ್ಲ ಪ್ಲಗ್ ಕಂಬಗಳು ಕಾಣುತ್ತವೆ. ವಿದ್ಯುತ್ ಸಿಗದ ಹೆದ್ದಾರಿಗಳಲ್ಲಿ, ಲಾರಿಯ ಟ್ಯಾಂಕಿನಿಂದಲೇ ತುಸು ಡೀಸೆಲ್ ಪಡೆದು ಉರಿಸಿ ತಂಪು ದ್ರವವನ್ನು ಕಾಯಿಸುವ ಚಿಕ್ಕ ಒಲೆಗಳು ಬಳಕೆಗೆ ಬಂದವು.

ಇದರಿಂದ ಎಷ್ಟು ಉಳಿತಾಯ? ನೀವೇ ಲೆಕ್ಕ ಹಾಕಿ. ಎಂಜಿನ್ನಿನ ತೂಕ 500 ಕಿ.ಗ್ರಾಂ, ತಂಪು ದ್ರವ 40 ಲೀಟರ್ ಎಂದುಕೊಳ್ಳೋಣ. ಇವನ್ನು ಮೈನಸ್ 20ರಿಂದ 30°ಸೆಗೆ ಏರಿಸಲು ಬೇಕಾದ ಉಷ್ಣ ಸುಮಾರು 19 ಮೆಗಾಜೂಲ್. ಅದು ಅರ್ಧ ಲೀಟರಿಗೆ ತುಸು ಹೆಚ್ಚು ಡೀಸೆಲ್‌ನಲ್ಲಿರುವ ಶಕ್ತಿ. ಸೋರಿಕೆಯನ್ನು ಸೇರಿಸಿದರೂ ಒಂದೆರಡು ಲೀಟರಿನ ಮಾತು. ಇದರ ಬದಲು ಎಂಜಿನ್ನನ್ನು ರಾತ್ರಿ 10 ಗಂಟೆ ಸುಮ್ಮನೆ ಓಡಲು ಬಿಟ್ಟರೆ, ಗಂಟೆಗೆ 2 ಲೀಟರಿನಂತೆ 20 ಲೀಟರ್ ಖರ್ಚು, 50 ಕಿ.ಗ್ರಾಂಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್. ಅಷ್ಟಾದರೂ ಎಂಜಿನ್ ಸರಿಯಾಗಿ ಬೆಚ್ಚಗಾಗುವುದಿಲ್ಲ. ಅರೆ ಉರಿದ ಇಂಧನ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಸವೆತ ಹೆಚ್ಚಿಸುತ್ತದೆ. ಮುಚ್ಚಿದ ಷೆಡ್ಡಿನಲ್ಲಿ ಹೀಗೆ ಓಡಿಸಿದರೆ ವಿಷಾನಿಲಗಳಿಂದ ಪ್ರಾಣಾಪಾಯವೂ ಉಂಟು.

ಲಡಾಖ್‌ನ ಟ್ಯಾಂಕಿನಲ್ಲಿ ಮೇಣ

ಎಂಜಿನ್ ಬೆಚ್ಚಗಿದ್ದರೂ ಇಂಧನ ಹರಿಯಬೇಕಲ್ಲ? ಲಡಾಖ್, ಕಾರ್ಗಿಲ್, ಸ್ಪಿತಿಗಳಲ್ಲಿ ಚಾಲಕರು ಬಹುಕಾಲ ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿ ಮೇಣ ಕಟ್ಟುವುದನ್ನು ತಡೆಯುತ್ತಿದ್ದರು. ಟ್ಯಾಂಕಿನ ಅಡಿ ಬೆಂಕಿ ಹಿಡಿಯುವ ದುಸ್ಸಾಹಸವೂ ಇತ್ತು. ಮೇಲಾಗಿ 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ಗಾಳಿ ವಿರಳವಾದಷ್ಟೂ ಹೊತ್ತಿಕೊಳ್ಳುವುದು ತಡ. ಚಳಿ, ಎತ್ತರ ಎರಡೂ ಸೇರಿ ಎಂಜಿನ್ನನ್ನು ಕಾಡುತ್ತವೆ.

2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಿಸಿದ, ಮೈನಸ್ 33°ಸೆವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಲಡಾಖ್‌ಗೆ ಒದಗಿಸತೊಡಗಿತು. ದಾರಿಗಳು ಹಿಮದಲ್ಲಿ ಮುಚ್ಚಿಹೋಗುವ ನಾಡಿನಲ್ಲಿ ಆಸ್ಪತ್ರೆಗೆ ಹೊರಟ ವಾಹನ, ತರಕಾರಿ ತರುವ ಲಾರಿ, ಗಡಿಯ ಸೈನಿಕರಿಗೆ ಪಡಿತರ ಒಯ್ಯುವ ಟ್ರಕ್ ಇವೆಲ್ಲ ನೆಚ್ಚಿರುವುದು ಈ ಗುಣವನ್ನು.

ಕಥೆ ಮುಗಿದಿಲ್ಲ

2020ರಿಂದ ನಮ್ಮಲ್ಲಿ ಜಾರಿಯಲ್ಲಿರುವ ಬಿ.ಎಸ್.-6 ನಿಯಮಗಳಿಂದಾಗಿ ಹೊಸ ಲಾರಿಗಳಲ್ಲಿ ಹೊಗೆಯ ನೈಟ್ರೋಜನ್ ಆಕ್ಸೈಡ್‌ಗಳನ್ನು ಕಳೆಯಲು ಯೂರಿಯಾ ದ್ರಾವಣ ಬಳಸುತ್ತಾರೆ. ಅದು ಮೈನಸ್ 11°ಸೆನಲ್ಲೇ ಹೆಪ್ಪುಗಟ್ಟುತ್ತದೆ! ಅದನ್ನು ಕರಗಿಸಲೂ ಉಷ್ಣ ಬೇಕು. ಹೊಗೆಕೊಳವೆಯಲ್ಲಿರುವ ಕ್ರಿಯಾವರ್ಧಕ ಕೂಡ ಕಾದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ನಾಳೆ ಬ್ಯಾಟರಿ ಲಾರಿಗಳೇ ಬಂದರೂ ಚಳಿಯ ಕಾಟ ತಪ್ಪದು. ಲಿಥಿಯಂ ಕೋಶಗಳನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಅವು ಕೆಡುತ್ತವೆ. ಆದ್ದರಿಂದ ಅವುಗಳಿಗೂ ಹೀಟರ್ ಬೇಕು.

ಓಡುವ ಎಂಜಿನ್ ತನ್ನ ಇಂಧನದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಉಷ್ಣವಾಗಿ ಗಾಳಿಗೆ ಚೆಲ್ಲುತ್ತದೆ. ಅದೇ ಎಂಜಿನ್ ಚಾಲೂ ಆಗಲು ಮೊದಲೊಂದಿಷ್ಟು ಉಷ್ಣಕ್ಕಾಗಿ ಕೈಚಾಚುತ್ತದೆ. ಮುಂದಿನ ಬಾರಿ ಚಳಿಯ ಮುಂಜಾನೆ ಲಾರಿಯೊಂದು ಬಿಳಿ ಹೊಗೆ ಉಗುಳುವುದನ್ನು ಕಂಡಾಗ ಈ ಮಾತನ್ನು ನೆನೆಯಿರಿ. ಮನೆಗೆ ಹೋಗಿ ಸೈಕಲ್ ಪಂಪನ್ನು ಒಮ್ಮೆ ಒತ್ತಿ ನೋಡಲು ಮರೆಯಬೇಡಿ.